ಮಾತ್ರೆ ಮನೆ ತಲುಪಿದರೆ ಏನಾಗುತ್ತದೆ: ತೀರ್ಥಹಳ್ಳಿ ತಾಲ್ಲೂಕಿನ ಸ್ಕಿಜೋಫ್ರೇನಿಯಾ ಅಧ್ಯಯನ

ಇಲ್ಲದ ದನಿ ಕೇಳುವ, ಅನುಮಾನ ಕಾಡುವ, ಮಾತು-ಕೆಲಸ ಬಿಟ್ಟುಹೋಗುವ ತೀವ್ರ ಮನೋರೋಗ ಸ್ಕಿಜೋಫ್ರೇನಿಯಾ. ಅದಕ್ಕೆ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂಬುದು ಆಸ್ಪತ್ರೆಗಳಿಗೆ 1950ರ ದಶಕದಿಂದ ಗೊತ್ತು. ಕೊಡದೇ ಬಿಟ್ಟರೆ ಏನಾಗುತ್ತದೆ ಎಂಬುದು ಮಾತ್ರ ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. ಚಿಕಿತ್ಸೆ ಪಡೆಯದವರು ಆಸ್ಪತ್ರೆಗೆ ಬರುವುದಿಲ್ಲ. ಬಾರದವರ ಹೆಸರು ಆಸ್ಪತ್ರೆಯ ದಾಖಲೆಯಲ್ಲೂ ಇರುವುದಿಲ್ಲ. ಅವರನ್ನು ಕಾಣಬೇಕಾದರೆ ಊರೊಳಗೆ ಹೋಗಿ ಹುಡುಕಬೇಕು, ವರ್ಷ ಬಿಟ್ಟು ಮತ್ತೆ ಅವರನ್ನೇ ಹುಡುಕಿಕೊಂಡು ಹೋಗಬೇಕು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಜಗದೀಶ ತೀರ್ಥಳ್ಳಿ ಮತ್ತು ಸಹೋದ್ಯೋಗಿಗಳು 2000ರ ದಶಕದ ಮಧ್ಯದಿಂದ ಮಾಡಿದ ಕೆಲಸ ಇದು. ಅದರಿಂದ ಸಿಕ್ಕ ಉತ್ತರ ಇಂದಿಗೂ ಮಲೆನಾಡಿನ ಪ್ರತಿ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರಿಗೆ, ಮನೆಯಲ್ಲಿ ಇಂಥ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರಿಗೆ ನೇರವಾಗಿ ಬೇಕಾದದ್ದು.

ಈ ಪ್ರಶ್ನೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಸ್ಕಿಜೋಫ್ರೇನಿಯಾದ ದೊಡ್ಡ ಅಧ್ಯಯನ ಶುರು ಮಾಡಿತು. ಭಾರತದಿಂದ ಆಗ್ರಾ ಅದರಲ್ಲಿತ್ತು. ಶ್ರೀಮಂತ ದೇಶಗಳ ರೋಗಿಗಳಿಗಿಂತ ಭಾರತ, ನೈಜೀರಿಯಾದಂಥ ದೇಶಗಳ ರೋಗಿಗಳು ಕೆಲವು ವರ್ಷಗಳ ನಂತರ ಚೆನ್ನಾಗಿದ್ದಾರೆ ಎಂಬ ಫಲಿತಾಂಶ ಬಂತು. ಅದಕ್ಕೆ ಕೂಡು ಕುಟುಂಬ, ಹೊಲ-ತೋಟದ ಕೆಲಸ, ಊರಿನವರ ಸಹನೆ ಎಂದು ಹಲವು ಕಾರಣ ಕೊಟ್ಟರು. ಕಾಲಕ್ರಮೇಣ ಆ ಮಾತು ಸವೆದು, 'ಹಳ್ಳಿಯಲ್ಲಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಾರೆ' ಎಂಬ ನಂಬಿಕೆಯಾಗಿ ಉಳಿಯಿತು. ಆದರೆ ಆ ಅಧ್ಯಯನದವರು ವೈದ್ಯರ ಬಳಿಗೆ ಬಂದವರು, ಚಿಕಿತ್ಸೆ ಸಿಕ್ಕವರು. ಒಮ್ಮೆಯೂ ಬಾರದೆ ಮನೆಯ ಹಿಂದಿನ ಕೋಣೆಯಲ್ಲಿ ಕೂತವರ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ.

ಅದಕ್ಕೂ ಮೊದಲಿನ ದಾರಿ

ತೀರ್ಥಹಳ್ಳಿಯ ಕೆಲಸಕ್ಕೆ ಹಿಂದಿನ ತಲೆಮಾರಿನ ತಳಪಾಯವಿತ್ತು. ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಅದೇ ಕಾಲಕ್ಕೆ ಚಂಡೀಗಢದ ಮನೋವೈದ್ಯರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇಂಥದೇ ಪ್ರಯೋಗ ನಡೆಸಿದರು. ಅಲ್ಲಿ ಕೆಲಸ ಮಾಡಿ ನಿಮ್ಹಾನ್ಸ್‌ಗೆ ಬಂದ ಡಾ. ಆರ್. ಶ್ರೀನಿವಾಸ ಮೂರ್ತಿ ಈ ಎರಡೂ ಧಾರೆಗಳನ್ನು ಜೋಡಿಸಿದವರಲ್ಲಿ ಪ್ರಮುಖರು. ಪಿಎಚ್‌ಸಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಗಳನ್ನು ಅಲ್ಲೇ ಇಟ್ಟರೆ ತೀವ್ರ ಮನೋರೋಗಕ್ಕೆ ಊರಿನಲ್ಲೇ ಚಿಕಿತ್ಸೆ ಸಾಧ್ಯ ಎಂಬುದು ಅವರೆಲ್ಲ ಪರೀಕ್ಷಿಸಿದ ವಿಚಾರ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಇಡೀ ಜಿಲ್ಲೆಗೆ ಹರಡಿ ನೋಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಚ್ಚು. ಇಂದು ಡಿಎಂಎಚ್‌ಪಿ ಎಂದು ಆಸ್ಪತ್ರೆಯ ಬೋರ್ಡಿನ ಮೇಲೆ ಕಾಣುವುದು ಇದೇ. 2001ರ ವಿಶ್ವ ಆರೋಗ್ಯ ವರದಿ ಪೂರ್ತಿಯಾಗಿ ಮಾನಸಿಕ ಆರೋಗ್ಯದ ಮೇಲೆ ಬಂದಾಗ ಅದರ ಪ್ರಧಾನ ಸಂಪಾದಕರಾಗಿದ್ದವರು ಶ್ರೀನಿವಾಸ ಮೂರ್ತಿಯವರೇ.

2005ರಲ್ಲಿ ಅವರ ತಂಡ ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಚಿಕಿತ್ಸೆಯಿಲ್ಲದೆ ಇದ್ದ 100 ಸ್ಕಿಜೋಫ್ರೇನಿಯಾ ರೋಗಿಗಳಿಗೆ ಊರಿನಲ್ಲೇ ಚಿಕಿತ್ಸೆ ಕೊಟ್ಟ ವಿವರ ಪ್ರಕಟಿಸಿತು. ರೋಗಲಕ್ಷಣ, ಅಸಮರ್ಥತೆ (ಕಾಯಿಲೆಯಿಂದ ದಿನದ ಬದುಕು, ಕೆಲಸ ನಡೆಸಲಾಗದಿರುವುದು), ಮನೆಯವರ ಹೊರೆ ಮೂರೂ ಇಳಿದಿದ್ದವು. ಅದರ ಖರ್ಚಿನ ಲೆಕ್ಕ ಇನ್ನೂ ಮುಖ್ಯ. ಔಷಧಕ್ಕೆ ಹಣ ಹೆಚ್ಚು ಹೋಯಿತು, ನಿಜ. ಆದರೆ ಮಂತ್ರ-ತಂತ್ರದಂಥ ಬೇರೆ ಕಡೆ ಅಲೆಯುವ ಖರ್ಚು ಮತ್ತು ರೋಗಿಯನ್ನು ಕಾಯಲು ಮನೆಯವರು ಕಳೆದುಕೊಳ್ಳುತ್ತಿದ್ದ ದುಡಿಮೆ ಕಡಿಮೆಯಾಗಿ ಅದನ್ನು ಸರಿದೂಗಿಸಿತು. ತೋಟದ ಕೂಲಿಯನ್ನೇ ನಂಬಿದ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ನಿಲ್ಲುವುದು ಎರಡು ಜನರ ಕೂಲಿ ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

215 ಜನ, ಒಂದು ವರ್ಷ

ಈಗ ತೀರ್ಥಹಳ್ಳಿಗೆ ಬರೋಣ. ಸುಮಾರು 1.4 ಲಕ್ಷ ಜನರ ತಾಲ್ಲೂಕು. ಬಯಲುಸೀಮೆಯಂತೆ ಇಲ್ಲಿ ಊರೆಂದರೆ ಒತ್ತೊತ್ತಾಗಿ ಸೇರಿದ ಬೀದಿಗಳಲ್ಲ. ತೋಟಕ್ಕೊಂದು ಮನೆ, ನಡುವೆ ಗದ್ದೆ, ಹಳ್ಳ, ಕಾಡು. ಹಾಗಾಗಿ 'ನಿಮ್ಮೂರಲ್ಲಿ ಇಂಥವರು ಯಾರಿದ್ದಾರೆ' ಎಂದು ಒಬ್ಬರನ್ನು ಕೇಳಿದರೆ ಸಾಲದು. ರಸ್ತೆಗೆ ಬಂದು ಕೂಗಾಡುವವರ ಹೆಸರು ತಕ್ಷಣ ಸಿಗುತ್ತದೆ. ಮಾತು ಬಿಟ್ಟು, ಸ್ನಾನ ಬಿಟ್ಟು, ಒಳಗೇ ಕೂತಿರುವವರ ಹೆಸರನ್ನು ಅರ್ಧ ಮೈಲಿ ಆಚೆಯ ಮನೆಯವರು ಹೇಳಲಾರರು. ಸ್ಕಿಜೋಫ್ರೇನಿಯಾದಲ್ಲಿ ಹೆಚ್ಚು ಕಾಲ ಉಳಿದು ಬದುಕನ್ನು ಹಾಳು ಮಾಡುವುದು ಈ ಎರಡನೆಯ ಬಗೆಯ ಲಕ್ಷಣಗಳೇ.

ತಂಡ 215 ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿತು. ಅವರಲ್ಲಿ ಶೇ 58ರಷ್ಟು ಜನ, ಅಂದರೆ 120ಕ್ಕೂ ಹೆಚ್ಚು ಮಂದಿ, ಆಗ ಮನೋವಿಕಾರ ನಿರೋಧಕ ಔಷಧ ತೆಗೆದುಕೊಳ್ಳುತ್ತಿರಲಿಲ್ಲ. 190 ಜನರ ಅಸಮರ್ಥತೆಯನ್ನು ಆರಂಭದಲ್ಲೂ ಒಂದು ವರ್ಷದ ನಂತರವೂ ಅಳೆದರು. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು.

ವರ್ಷದ ಕೊನೆಗೆ ಮೂರು ಗುಂಪು ಕಂಡವು. ಮೊದಲಿನಿಂದ ಔಷಧ ತೆಗೆದುಕೊಳ್ಳುತ್ತಿದ್ದು ಮುಂದುವರಿಸಿದವರು. ಹೊಸದಾಗಿ ಶುರು ಮಾಡಿದವರು. ಶುರು ಮಾಡದೇ ಉಳಿದವರು. ಮೊದಲ ಎರಡೂ ಗುಂಪಿನಲ್ಲಿ ಅಸಮರ್ಥತೆಯ ಅಂಕ ಗಣನೀಯವಾಗಿ ಇಳಿಯಿತು. ಮೂರನೆಯ ಗುಂಪಿನಲ್ಲಿ ಅದು ಹೆಚ್ಚು-ಕಡಿಮೆ ಇದ್ದಲ್ಲೇ ಇತ್ತು. 'ಅಸಮರ್ಥ' ಎಂಬ ಗೆರೆಯೊಳಗೆ ಬರುವವರ ಪ್ರಮಾಣವೂ ಹಾಗೆಯೇ: ಚಿಕಿತ್ಸೆ ಪಡೆದವರಲ್ಲಿ ಕಡಿಮೆಯಾಯಿತು, ಪಡೆಯದವರಲ್ಲಿ ಬದಲಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಏಳುವುದು ಒಳ್ಳೆಯದೂ ಹೌದು. ಯಾರಿಗೆ ಮಾತ್ರೆ, ಯಾರಿಗೆ ಇಲ್ಲ ಎಂದು ಚೀಟಿ ಎತ್ತಿ ಹಂಚಿದ ಪ್ರಯೋಗ ಇದಲ್ಲ. ಕೆಲಸ ಮಾಡುವ ಔಷಧವನ್ನು ಬೇಕೆಂದೇ ಯಾರಿಗೂ ತಪ್ಪಿಸುವಂತಿಲ್ಲ. ಹಾಗೆ ಮಾಡುವುದು ಅನ್ಯಾಯ. ಆದ್ದರಿಂದ ಔಷಧ ಪಡೆಯದೇ ಉಳಿದವರು ಬೇರೆ ರೀತಿಯಲ್ಲೂ ಭಿನ್ನವಾಗಿರಬಹುದು: ಕಾಯಿಲೆ ಹೆಚ್ಚು ಬಲಿತಿರಬಹುದು, ಕರೆದೊಯ್ಯುವವರು ಇಲ್ಲದಿರಬಹುದು, ಮನೆಯವರೇ ಕೈಚೆಲ್ಲಿರಬಹುದು. ಈ ಸಂಶಯವನ್ನು ಪೂರ್ತಿ ಅಳಿಸಲಾಗದು. ಆದರೆ ಹೊಸದಾಗಿ ಶುರು ಮಾಡಿದವರ ಗುಂಪನ್ನು ಗಮನಿಸಿ. ವರ್ಷದ ಮೊದಲ ದಿನ ಅವರೂ ಚಿಕಿತ್ಸೆಯಿಲ್ಲದವರೇ, ಅದೇ ಊರು, ಅದೇ ಬಗೆಯ ಮನೆ. ಅವರ ಅಂಕ ಇಳಿಯಿತು ಎಂಬುದು 'ಮಾತ್ರೆ ನುಂಗುವವರು ಮೊದಲಿನಿಂದಲೇ ಸುಧಾರಿಸುವವರು' ಎಂಬ ವಾದವನ್ನು ಬಹಳ ದುರ್ಬಲಗೊಳಿಸುತ್ತದೆ. ಜೊತೆಗೆ, ಔಷಧದ ಪರಿಣಾಮಕ್ಕೆ ಬೇರೆ ಕಡೆಯ ಪುರಾವೆ ಗಟ್ಟಿಯಾಗಿದೆ. 2012ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 65 ಪ್ರಯೋಗಗಳನ್ನು ಒಟ್ಟು ಸೇರಿಸಿತ್ತು. ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ಶೇ 27, ನಿಲ್ಲಿಸಿದವರಲ್ಲಿ ಶೇ 64.

ತೀರ್ಥಹಳ್ಳಿಯ ರೋಗಿಗಳ ಮೇಲೆ ತಂಡದ ಕಣ್ಣು ಅಲ್ಲಿಗೆ ತಪ್ಪಲಿಲ್ಲ. ನಾಲ್ಕು ವರ್ಷದ ನಂತರ ಅವರ ದುಡಿಮೆ ಹೇಗಿದೆ ಎಂಬ ವರದಿ 2012ರಲ್ಲಿ ಬಂತು. 2017ರ ಇನ್ನೊಂದು ವರದಿ ಔಷಧ, ಮನೆಯವರಿಗೆ ಕಾಯಿಲೆಯ ತಿಳಿವಳಿಕೆ, ತಪ್ಪದ ಮರುಭೇಟಿ ಈ ಮೂರನ್ನೂ ಸೇರಿಸಿ ಸಾರ್ವಜನಿಕ ಆರೋಗ್ಯದ ಕ್ರಮವಾಗಿ ನೋಡಿತು. ಮೂರನೆಯದನ್ನೇ ನಾನು ಎಲ್ಲಕ್ಕಿಂತ ಮುಂದೆ ಇಡುತ್ತೇನೆ. ಔಷಧ ದುಬಾರಿಯದಲ್ಲ, ತಿಳಿವಳಿಕೆ ಕೊಡಲು ಎರಡು-ಮೂರು ಭೇಟಿ ಸಾಕು. ಕಷ್ಟವಿರುವುದು ಪ್ರತಿ ತಿಂಗಳೂ ಮಾತ್ರೆಯನ್ನೂ ಮನುಷ್ಯನನ್ನೂ ಸಂಧಿಸುವಂತೆ ಮಾಡುವುದರಲ್ಲಿ.

ಅಸಮರ್ಥತೆಗೆ ಅಂಕ ಹಾಕುವುದು ಹೇಗೆ

ಭಾರತದಲ್ಲಿ ಮಾನಸಿಕ ಕಾಯಿಲೆಯ ಅಸಮರ್ಥತೆ ಅಳೆಯಲು ಬಳಸುವುದು 'ಐಡಿಯಾಸ್' ಎಂಬ ಮಾಪಕ. ಭಾರತೀಯ ಮನೋವೈದ್ಯರ ಸಂಘ ರೂಪಿಸಿದ್ದು. ಅಂಗವಿಕಲರ ಪ್ರಮಾಣಪತ್ರಕ್ಕೂ ಇದೇ ಆಧಾರ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ತಿಳಿದುಕೊಳ್ಳುವುದು ಉಪಯುಕ್ತ.

ಇದರಲ್ಲಿ ನಾಲ್ಕು ವಿಭಾಗ: ತನ್ನ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. 0 ಎಂದರೆ ತೊಂದರೆಯಿಲ್ಲ, 4 ಎಂದರೆ ಪೂರ್ತಿ ಅಸಮರ್ಥತೆ. ಪ್ರಮಾಣಪತ್ರಕ್ಕಾಗಿ ಇದಕ್ಕೆ ಕಾಯಿಲೆಯ ಅವಧಿಯ ಅಂಕ ಸೇರಿಸುತ್ತಾರೆ: 2 ವರ್ಷಕ್ಕಿಂತ ಕಡಿಮೆಯಾದರೆ 1, 2ರಿಂದ 5 ವರ್ಷಕ್ಕೆ 2, 6ರಿಂದ 10ಕ್ಕೆ 3, 10 ದಾಟಿದರೆ 4. ಒಟ್ಟು 20. ಮೊತ್ತ 7ರಿಂದ 13 ಬಂದರೆ ಶೇ 40ರಿಂದ 70ರ ಅಸಮರ್ಥತೆ. 14ರಿಂದ 19 ಬಂದರೆ ಶೇ 71ರಿಂದ 99. 6 ಅಥವಾ ಕಡಿಮೆ ಬಂದರೆ ಶೇ 40ರೊಳಗೆ, ಅಂದರೆ ಸೌಲಭ್ಯದ ಗೆರೆಯ ಕೆಳಗೆ.

ಉದಾಹರಣೆಗೆ ಎಂಟು ವರ್ಷದಿಂದ ಕಾಯಿಲೆಯಿರುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ಸ್ನಾನಕ್ಕೆ ದಿನವೂ ಹೇಳಬೇಕು: 1. ಮನೆಯವರ ಜೊತೆ ಬಿಟ್ಟರೆ ಯಾರ ಜೊತೆಗೂ ಸೇರುವುದಿಲ್ಲ: 2. ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ: 2. ಕೆಲಸ ಬಹುತೇಕ ನಿಂತಿದೆ: 3. ಇಲ್ಲಿಗೆ 8, ಅವಧಿಯ 3 ಸೇರಿ 11. ಶೇ 40ರ ಗೆರೆ ದಾಟಿತು. ಒಂದು ವರ್ಷ ಸರಿಯಾಗಿ ಚಿಕಿತ್ಸೆಯಾದ ಮೇಲೆ ನಾಲ್ಕು ವಿಭಾಗದಲ್ಲಿ 0, 1, 1, 1 ಬಂದರೆ ಮೊತ್ತ 3, ಅವಧಿಯ 3 ಸೇರಿ 6. ಈಗ ಗೆರೆಯ ಕೆಳಗೆ. ಹೆಸರು ಬರೆದು ತೋಟದ ಲೆಕ್ಕ ಇಡಬಲ್ಲಷ್ಟು ಸುಧಾರಿಸಿದರೂ, ಅವಧಿಯ ಅಂಕ ಮಾತ್ರ ಎಂದೂ ಇಳಿಯದು. ಹಾಗಾಗಿ ಚಿಕಿತ್ಸೆಯಿಂದ ಏನಾಯಿತು ಎಂದು ತಿಳಿಯಬೇಕಾದರೆ ಮೊದಲ ನಾಲ್ಕು ವಿಭಾಗದ ಅಂಕವನ್ನಷ್ಟೇ ಹೋಲಿಸಬೇಕು.

ನಾಲ್ಕರಲ್ಲಿ ಮಲೆನಾಡಿನಲ್ಲಿ ತಪ್ಪು ಅಂಕ ಬೀಳುವುದು 'ಕೆಲಸ'ದ ವಿಭಾಗದಲ್ಲಿ. ಮನೆಯವರನ್ನು ಕೇಳಿದರೆ 'ತೋಟಕ್ಕೆ ಹೋಗ್ತಾನೆ, ಕೆಲಸ ಮಾಡ್ತಾನೆ' ಎನ್ನುತ್ತಾರೆ. ಅಷ್ಟಕ್ಕೇ 0 ಹಾಕಿದರೆ ಕೆಟ್ಟಿತು. ಬೆಳಿಗ್ಗೆ ತಾನಾಗಿ ಹೋಗುತ್ತಾನೆಯೇ, ಕರೆಯಬೇಕೇ? ಬಿದ್ದ ಅಡಿಕೆ ಹೆಕ್ಕಲು ಬಿಟ್ಟರೆ ಮುಗಿಸುತ್ತಾನೆಯೇ, ಮರದ ಬುಡದಲ್ಲಿ ಕೂತುಬಿಡುತ್ತಾನೆಯೇ? ಕೂಲಿಗೆ ಕರೆದರೆ ಬೇರೆಯವರ ತೋಟಕ್ಕೆ ಹೋಗಿ ಬೇರೆಯವರಷ್ಟೇ ಸಂಬಳ ತರುತ್ತಾನೆಯೇ? ಹೆಂಗಸರ ವಿಚಾರದಲ್ಲಿ ಅಡುಗೆ, ಕೊಟ್ಟಿಗೆ ಕೆಲಸವನ್ನು ಅತ್ತೆಯೋ ಮಗಳೋ ಸದ್ದಿಲ್ಲದೆ ಹೊತ್ತುಕೊಂಡಿರುತ್ತಾರೆ. ಯಾರು ಎಷ್ಟು ಮಾಡುತ್ತಾರೆ ಎಂದು ಒಂದೊಂದಾಗಿ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ.

ಚಿಕಿತ್ಸೆ ಎಲ್ಲಿ ಕಡಿದುಹೋಗುತ್ತದೆ

ಒಂದು ಸಾಮಾನ್ಯ ಚೀಟಿ ನೋಡಿ: ರಿಸ್ಪೆರಿಡೋನ್ 2 ಎಂಜಿ 0-0-1, ಟ್ರೈಹೆಕ್ಸಿಫೆನಿಡಿಲ್ 2 ಎಂಜಿ 1-0-0, 15 ದಿನ. ಮೂರು ಅಂಕಿಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಮೊದಲನೆಯದು ಕಾಯಿಲೆಗೆ, ಎರಡನೆಯದು ಮೊದಲನೆಯದರಿಂದ ಬರುವ ನಡುಕ, ಬಿಗಿತ ತಡೆಯಲು. ನಿದ್ದೆ ಕೆಡಿಸಬಹುದೆಂದು ಎರಡನೆಯದನ್ನು ಬೆಳಿಗ್ಗೆಗೆ ಬರೆಯುತ್ತಾರೆ. ಮನೆಯಲ್ಲಿ ಇವೆರಡು ಅದಲುಬದಲಾಗುವುದು ಸಾಮಾನ್ಯ. ರಿಸ್ಪೆರಿಡೋನ್ ಬೆಳಿಗ್ಗೆ ನುಂಗಿ ಹಗಲಿಡೀ ತೂಕಡಿಸಿ, 'ಈ ಮಾತ್ರೆಯಿಂದ ಮಂಕಾದ' ಎಂದು ನಿಲ್ಲಿಸಿದ ಮನೆಗಳು ಬಹಳ. ರಿಸ್ಪೆರಿಡೋನ್‌ನ ಪ್ರಮಾಣ ಸಾಮಾನ್ಯವಾಗಿ ನಿಧಾನವಾಗಿ 4ರಿಂದ 6 ಎಂಜಿಗೆ ಏರುತ್ತದೆ. ಮೊದಲ ವಾರದಲ್ಲೇ ನಿದ್ದೆ, ರೇಗಾಟ ಸರಿಹೋಗತೊಡಗುತ್ತವೆ. ಕಿವಿಯಲ್ಲಿ ಕೇಳುವ ದನಿ, ಅನುಮಾನ ಇಳಿಯಲು 4ರಿಂದ 6 ವಾರ ಬೇಕು. ಎರಡನೇ ವಾರಕ್ಕೆ 'ಗುಣ ಕಾಣಲಿಲ್ಲ' ಎಂದು ಬಿಡುವುದು ಮೊದಲ ಕಡಿತ.

ಎರಡನೆಯದು ಇನ್ನೂ ಕೆಟ್ಟದ್ದು. ಔಷಧ ಶುರುವಾದ ಮೊದಲ ಕೆಲವು ದಿನಗಳಲ್ಲಿ ಕೆಲವರಿಗೆ, ಅದರಲ್ಲೂ ಹರೆಯದ ಹುಡುಗರಿಗೆ, ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಳದು. ಇದಕ್ಕೆ ಡಿಸ್ಟೋನಿಯಾ ಎನ್ನುತ್ತಾರೆ. ಪಿಎಚ್‌ಸಿಯಲ್ಲಿ ಪ್ರೊಮೆಥಜೈನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಾಗುತ್ತದೆ. ಆದರೆ ಮೊದಲೇ ಹೇಳಿರದಿದ್ದರೆ ಮನೆಯವರ ಕಣ್ಣಿಗೆ ಅದು ಕಾಣುವುದು ಮೈಮೇಲೆ ಬಂದಂತೆ. ಚೌಡಿಯೋ ಭೂತವೋ ಮುನಿದಿದೆ, ಡಾಕ್ಟರ ಮದ್ದು ಅದಕ್ಕೆ ಆಗಿಬರಲಿಲ್ಲ ಎಂಬ ತೀರ್ಮಾನವಾಗಿ, ಆ ಮನೆಗೆ ಮಾತ್ರೆ ಮತ್ತೆ ಹೋಗುವುದು ವರ್ಷಗಳ ಮೇಲೆ. ಮೊದಲ ಚೀಟಿ ಕೊಡುವಾಗಲೇ 'ಹೀಗಾದರೆ ಹೆದರಬೇಡಿ, ಇಲ್ಲಿಗೆ ಬನ್ನಿ' ಎಂಬ ಒಂದು ಮಾತು ಇದನ್ನು ತಪ್ಪಿಸುತ್ತದೆ.

ಇನ್ನೊಂದು ಅಡ್ಡ ಪರಿಣಾಮ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಅಕಥಿಸಿಯಾ ಎಂದರೆ ಒಳಗಿನ ಚಡಪಡಿಕೆ: ಕೂತಲ್ಲಿ ಕೂರಲಾಗದು, ಕಾಲು ಒಂದೇ ಸಮನೆ ಆಡುತ್ತದೆ, ಅಂಗಳದಲ್ಲಿ ಆಚೆಯಿಂದೀಚೆಗೆ ನಡೆದಾಟ. ಕಾಯಿಲೆ ಹೆಚ್ಚಾಯಿತೆಂದು ಭಾವಿಸಿ ಮಾತ್ರೆ ಹೆಚ್ಚಿಸಿದರೆ ಚಡಪಡಿಕೆಯೂ ಹೆಚ್ಚುತ್ತದೆ. ಪ್ರಮಾಣ ತಗ್ಗಿಸುವುದು, ಅಥವಾ ಪ್ರೊಪ್ರನೊಲಾಲ್‌ನಂಥ ಔಷಧ ಸೇರಿಸುವುದು ಇದಕ್ಕೆ ದಾರಿ. ರಿಸ್ಪೆರಿಡೋನ್‌ನಿಂದ ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಎದೆಯಿಂದ ಹಾಲು ಒಸರಬಹುದು. ಇದನ್ನು ಅವರು ಗಂಡನಿಗೂ ಹೇಳರು, ಗಂಡು ಡಾಕ್ಟರಿಗಂತೂ ಹೇಳಲಾರರು. ಸುಮ್ಮನೆ ಮಾತ್ರೆ ಬಿಡುತ್ತಾರೆ. ಆಶಾ ಕಾರ್ಯಕರ್ತೆ ಕೇಳಿದರೆ ಹೇಳುತ್ತಾರೆ, ಔಷಧ ಬದಲಿಸಿದರೆ ಸರಿಹೋಗುತ್ತದೆ. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧ ಒಲಾಂಜಪೈನ್‌ನಲ್ಲಿ ತೂಕ ಮತ್ತು ಸಕ್ಕರೆ ಏರುವ ಭಯ ಹೆಚ್ಚು. ಆರಂಭದಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ತೂಕ, ಸೊಂಟದ ಸುತ್ತಳತೆ, ಬರಿಹೊಟ್ಟೆಯ ಸಕ್ಕರೆ ನೋಡಿಸಬೇಕು. ಔಷಧದ ಮೇಲಿರುವವರಿಗೆ ಜೋರು ಜ್ವರ, ಮೈ ಕೊರಡಿನಂತೆ ಬಿಗಿತ, ಪ್ರಜ್ಞೆ ಮಸುಕು ಮೂರೂ ಒಟ್ಟಿಗೆ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಅಪರೂಪ, ಆದರೆ ಜೀವಕ್ಕೆ ಅಪಾಯ.

ಮಲೆನಾಡಿನದೇ ಆದ ಕಡಿತಗಳೂ ಇವೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿತ ರಾತ್ರಿ ಬಹಳ ಹೊತ್ತಿನ ತನಕ ನಡೆಯುತ್ತದೆ. ಮಾತ್ರೆ ನುಂಗಿದವರು ಎಂಟೂವರೆಗೇ ಮಲಗಿಬಿಡುತ್ತಾರೆ, ಆದ್ದರಿಂದ 'ಸುಲಿತ ಮುಗಿಯೋ ತನಕ ಬೇಡ' ಎಂದಾಗುತ್ತದೆ. ಮಾತ್ರೆಯೂ ಇಲ್ಲ, ನಿದ್ದೆಯೂ ಇಲ್ಲ. ಕಾಯಿಲೆ ಮರುಕಳಿಸಲು ಇದಕ್ಕಿಂತ ಅನುಕೂಲ ಬೇಡ. ಅವರಿಗೆ ಹಗಲಿನ ಕೆಲಸ ಕೊಟ್ಟು, ರಾತ್ರಿಯ ಸುಲಿತದಿಂದ ಬಿಡುವು ಕೊಡುವುದೇ ಸರಿ. ಮಳೆಗಾಲದಲ್ಲಿ ಬೇರೆ ತೊಂದರೆ. ಮರ ಬಿದ್ದು ರಸ್ತೆ ಕಟ್ಟುತ್ತದೆ, ಹಳ್ಳ ತುಂಬುತ್ತದೆ, ದಿನಕ್ಕೆರಡು ಬಾರಿ ಬರುವ ಬಸ್ಸೂ ಬಾರದು. ಹದಿನೈದು ದಿನದ ಮಾತ್ರೆ ಹದಿನಾರನೇ ದಿನ ಖಾಲಿ. ಮೇ ಕೊನೆಯ ಭೇಟಿಯಲ್ಲೇ ಎರಡು ತಿಂಗಳಿಗೆ ಸಾಲುವಷ್ಟು ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಅಷ್ಟು ಮಾತ್ರೆ ಮನೆಯಲ್ಲಿದ್ದಾಗ ಅದು ರೋಗಿಯ ಕೈಗೆ ನೇರವಾಗಿ ಸಿಗಬಾರದು. ಬೀಗದೊಳಗಿಟ್ಟು ದಿನದ್ದು ದಿನ ಕೊಡಬೇಕು. ತೋಟದ ಕೀಟನಾಶಕ, ಕಳೆನಾಶಕಕ್ಕೂ ಇದೇ ಬೀಗ. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯರಿಗಿಂತ ಬಹಳ ಹೆಚ್ಚು ಎಂಬುದನ್ನು ಯಾರೂ ಮರೆಯಬಾರದು.

ಮಾತ್ರೆ ಒಲ್ಲದವರಿಗೆ ಕಾಫಿಯಲ್ಲಿ ಪುಡಿ ಮಾಡಿ ಬೆರೆಸುವುದು ಹಲವು ಮನೆಗಳಲ್ಲಿ ನಡೆಯುತ್ತದೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೂ ಇದು ಹೆಚ್ಚು ದಿನ ನಡೆಯದು: ಎಷ್ಟು ಒಳಗೆ ಹೋಯಿತೆಂದು ಯಾರಿಗೂ ತಿಳಿಯದು, ಒಂದು ದಿನ ಗೊತ್ತಾದರೆ 'ವಿಷ ಹಾಕ್ತಾರೆ' ಎಂಬ ರೋಗದ ಅನುಮಾನಕ್ಕೇ ಸಾಕ್ಷಿ ಸಿಕ್ಕಂತಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ, ರೋಗಿಯ ಒಪ್ಪಿಗೆ ಪಡೆದು ಕೊಡುವ ಡಿಪೋ ಇಂಜೆಕ್ಷನ್. ಫ್ಲುಫೆನಜೈನ್ ಡೆಕನೋಯೇಟ್ 25 ಎಂಜಿ ಒಂದು ಎಂಎಲ್‌ನಲ್ಲಿರುತ್ತದೆ, ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧ. ಪೃಷ್ಠದ ಸ್ನಾಯುವಿನ ಆಳಕ್ಕೆ ಕೊಟ್ಟರೆ ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಸೇರಿ 2ರಿಂದ 4 ವಾರ ಕೆಲಸ ಮಾಡುತ್ತದೆ. ಮೊದಲ ಸಲ 12.5 ಎಂಜಿ ಕೊಟ್ಟು ನೋಡುತ್ತಾರೆ. ವೈದ್ಯರು ಬರೆದುಕೊಟ್ಟ ಮೇಲೆ ಪಿಎಚ್‌ಸಿಯ ಸಿಸ್ಟರ್ ಇದನ್ನು ಕೊಡಬಲ್ಲರು. ಇದರ ನಿಜವಾದ ಲಾಭ ಸಿಸ್ಟರ್ ಕೈಯಲ್ಲಿರುವ ರಿಜಿಸ್ಟರಿನಲ್ಲಿದೆ. ಮಾತ್ರೆ ಬಿಟ್ಟದ್ದು ಮನೆಯವರಿಗೂ ತಿಳಿಯಲು ತಿಂಗಳಾಗಬಹುದು. ಇಂಜೆಕ್ಷನ್ ತಪ್ಪಿದ್ದು ಮರುದಿನವೇ ಗೊತ್ತಾಗಿ, ಒಂದು ಫೋನ್ ಮಾಡಿದರೆ ರೋಗ ತಿರುಗಿ ಬರುವ ಮೊದಲೇ ಅವರು ಬರಬಹುದು.

ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲಿಗೆ ಹೋಗುವುದು

ಮೊದಲ ಭೇಟಿಯಲ್ಲಿ ಕಾಯಿಲೆ ಇದೇ ಹೌದೇ ಎಂದು ಖಚಿತವಾಗಬೇಕು. ಎರಡು ದಿನದಲ್ಲಿ ದಿಢೀರನೆ ಶುರುವಾದ ಗೊಂದಲ, ಜೊತೆಗೆ ಜ್ವರವಿದ್ದರೆ ಅದು ಸ್ಕಿಜೋಫ್ರೇನಿಯಾ ಎಂದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಎರಡನೇ ಹಂತದಲ್ಲಿ ಮೆದುಳಿಗೆ ತೊಂದರೆಯಾಗಿ ಬಡಬಡಿಕೆ ಬರುತ್ತದೆ. ಕುಡಿತ ಹಠಾತ್ತನೆ ಬಿಟ್ಟ ಎರಡು-ಮೂರು ದಿನಕ್ಕೂ ಹೀಗಾಗಬಹುದು. ಇವೆರಡಕ್ಕೂ ಬೇಕಾದ್ದು ಅದೇ ದಿನ ಆಸ್ಪತ್ರೆ. ಸ್ಕಿಜೋಫ್ರೇನಿಯಾ ಹಾಗಲ್ಲ, ಸಾಮಾನ್ಯವಾಗಿ ಹರೆಯದ ಕೊನೆಯಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ.

ಜಿಲ್ಲೆಯಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಕರ್ನಾಟಕದಲ್ಲಿ 'ಮನೋಚೈತನ್ಯ' ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ಎಷ್ಟನೇ ಮಂಗಳವಾರ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಕೇಳಿಕೊಂಡು ಹೊರಡಿ. ಹೋಗುವಾಗ ಹಳೆಯ ಚೀಟಿಗಳು, ಖಾಲಿ ಮಾತ್ರೆ ಪಟ್ಟಿಗಳು, ರೋಗಿಯ ಜೊತೆ ದಿನವೂ ಇರುವ ಒಬ್ಬರು, ಈ ಮೂರು ಇರಲಿ. 'ಯಾವ ಮಾತ್ರೆಯೋ, ಬಿಳಿ ಬಣ್ಣದ್ದು' ಎಂಬ ಉತ್ತರದಿಂದ ವೈದ್ಯರು ಏನೂ ಮಾಡಲಾರರು. ಹೊರಡುವುದೇ ಕಷ್ಟವಾದ ದಿನ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ ಇದು; ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸರ್ಕಾರ ನಡೆಸುವ ಅಥವಾ ಅದರ ನೆರವಿನ ವ್ಯವಸ್ಥೆಯಿಂದ ಚಿಕಿತ್ಸೆ ಪಡೆಯುವುದು ಎಲ್ಲರ ಹಕ್ಕು. ಔಷಧ ಇಲ್ಲ ಎಂದಾಗ ಇದನ್ನು ನೆನಪಿಸಿ ಲಿಖಿತ ಅರ್ಜಿ ಕೊಡಬಹುದು. ಅದೇ ಕಾಯ್ದೆ ಯಾರನ್ನೂ ಸರಪಳಿಯಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಮೇಲೆ ಹೇಳಿದ ಐಡಿಯಾಸ್ ಅಂಕ ಬೇಕು. ಪ್ರಮಾಣಪತ್ರಕ್ಕೆ ಹೋಗುವ ದಿನ ಮಾತ್ರೆ ಬಿಟ್ಟು ಹೋದರೆ ಅಂಕ ಹೆಚ್ಚು ಬರುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ಆ ಮಾಪಕ ಒಂದು ದಿನದ ಸ್ಥಿತಿಯನ್ನು ನೋಡುವುದಿಲ್ಲ, ಮಾತ್ರೆ ಬಿಟ್ಟದ್ದರ ಫಲವಂತೂ ಒಂದು ದಿನಕ್ಕೆ ಮುಗಿಯುವುದಿಲ್ಲ.

ಎಷ್ಟು ಕಾಲ ಔಷಧ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮೊದಲ ಸಲ ಬಂದ ಕಾಯಿಲೆಗೆ, ಪೂರ್ತಿ ಗುಣವಾದ ಮೇಲೂ ಒಂದರಿಂದ ಎರಡು ವರ್ಷ. ಮರುಕಳಿಸಿದ್ದರೆ ಕನಿಷ್ಠ ಐದು ವರ್ಷ, ಹಲವರಿಗೆ ಇನ್ನೂ ಹೆಚ್ಚು. ನಿಲ್ಲಿಸುವುದಾದರೂ ವೈದ್ಯರ ಲೆಕ್ಕದಲ್ಲಿ ತಿಂಗಳುಗಟ್ಟಲೆ ಇಳಿಸುತ್ತ ಬರಬೇಕು. ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ತಲಾ ಆರು ವಾರ ಕೊಟ್ಟರೂ ಗುಣ ಕಾಣದವರಿಗೆ ಕ್ಲೋಜಪೈನ್ ಇದೆ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಯಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ಬಿಳಿ ರಕ್ತಕಣ ಅಪಾಯಕಾರಿಯಾಗಿ ಇಳಿಯುವ ಸಾಧ್ಯತೆ ಇರುವುದರಿಂದ ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ ಬೇಕು; ಹೊಸನಗರ, ಆಗುಂಬೆಯ ಒಳಗಿನ ಮನೆಯವರಿಗೆ ಆ 18 ವಾರವೇ ದೊಡ್ಡ ಬೆಟ್ಟ. ಮಳೆಗಾಲಕ್ಕೆ ಮೊದಲು ಮುಗಿಯುವಂತೆ ಜನವರಿಯಲ್ಲೇ ಶುರು ಮಾಡಿದರೆ ಅರ್ಧ ಕಷ್ಟ ಕಡಿಮೆ. ಬೇರೆ ಮಾತ್ರೆ ಎರಡು ದಿನ ತಪ್ಪಿದರೆ ಮೂರನೇ ದಿನ ಎಂದಿನ ಪ್ರಮಾಣದಲ್ಲೇ ಮುಂದುವರಿಸಬಹುದು. ಕ್ಲೋಜಪೈನ್ ಮಾತ್ರ 48 ಗಂಟೆ ಮೀರಿ ತಪ್ಪಿದ್ದರೆ ಮನೆಯಲ್ಲಿ ಹಳೆಯ ಪ್ರಮಾಣ ಕೊಡಬಾರದು. ರಕ್ತದೊತ್ತಡ ಕುಸಿದು ಬಿದ್ದುಬಿಡುವ ಭಯವಿದೆ. ವೈದ್ಯರಿಗೆ ಫೋನ್ ಮಾಡಿ, ಮತ್ತೆ 12.5 ಎಂಜಿಯಿಂದ ಏರಿಸುತ್ತ ಬರಬೇಕು.